ನೋಡೋಕೆ ಬರೋದು ತಮ್ಮ, ದುಡ್ಡು ಹಾಕೋದು ಅಣ್ಣ: ಕ್ಯಾಮೆರಾ ಕೊಡಬಹುದಾ?

ಗಡಿಯಾರಕಂಬದ ಫೋಟೋಗ್ರಾಫರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶದ ಫೋಟೋ ತೆಗೆಯುವ ಕೆಲಸ ನನ್ನದು. ಸೀಸನ್ ಶುರುವಾಗುವ ಮೊದಲು ಹೊಸ ಕ್ಯಾಮೆರಾ ಬಾಡಿ ತಗೋಬೇಕು. ಅದಕ್ಕೆ ಹಳೆಯ ಫುಲ್ ಫ್ರೇಮ್ ಕ್ಯಾಮೆರಾ ಮತ್ತು 70-200 ಲೆನ್ಸ್ ಎರಡನ್ನೂ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದೇನೆ. ಬಿಲ್, ಡಬ್ಬಿ, ಚಾರ್ಜರ್ ಎಲ್ಲಾ ಇದೆ. ಎರಡೂ ಸೇರಿ 1,40,000 ಅಂತ ಬರೆದಿದ್ದೆ, 1,25,000ಕ್ಕೆ ಕೇಳಿದರೂ ಕೊಟ್ಟುಬಿಡೋಣ ಅಂತ ಮನಸ್ಸಿನಲ್ಲಿತ್ತು.

ನಿನ್ನೆ ಒಬ್ಬರು ಫೋನ್ ಮಾಡಿದರು. ಕನ್ನಡದಲ್ಲೇ, ಬಹಳ ಮರ್ಯಾದೆಯಿಂದ ಮಾತಾಡಿದರು. ತಾವು ಬೆಂಗಳೂರಿನಲ್ಲಿ ಇರುವುದಂತೆ, ಹರಿಹರದ ಕಡೆ ತಮ್ಮ ಸ್ಟುಡಿಯೋ ಇಟ್ಟಿದ್ದಾನಂತೆ, ಅವನಿಗೆ ಕೊಡಿಸಬೇಕಂತೆ. ಚೌಕಾಸಿ ಮಾಡಲೇ ಇಲ್ಲ, 1,40,000ಕ್ಕೆ ಒಂದೇ ಮಾತಿಗೆ ಸರಿ ಅಂದರು. ಷಟರ್ ಕೌಂಟ್ (ಇಲ್ಲಿಯವರೆಗೆ ಎಷ್ಟು ಫೋಟೋ ತೆಗೆದಿದೆ ಅನ್ನುವ ಲೆಕ್ಕ) ಎಷ್ಟು ಅಂತಲೂ ಕೇಳಲಿಲ್ಲ. ಭಾನುವಾರ ತಮ್ಮ ಬಂದು ನೋಡುತ್ತಾನೆ, ಅವನು ಓಕೆ ಅಂದ ತಕ್ಷಣ ನಾನು ಇಲ್ಲಿಂದ ಪೂರ್ತಿ ದುಡ್ಡು ಹಾಕುತ್ತೇನೆ, ಕ್ಯಾಮೆರಾ ಅವನ ಕೈಗೆ ಕೊಟ್ಟು ಕಳಿಸಿ ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ತಮ್ಮನ ಹತ್ರ ರೇಟಿನ ವಿಷಯ ಮಾತ್ರ ಎತ್ತಬೇಡಿ ಸಾರ್. ಇಷ್ಟು ದುಡ್ಡು ಅಂತ ಗೊತ್ತಾದ್ರೆ ಬೇಡ ಅಂತಾನೆ. ಕೇಳಿದ್ರೆ, ಅಣ್ಣನ ಹತ್ರ ಮಾತಾಗಿದೆ ಅನ್ನಿ ಸಾಕು."

ರಾತ್ರಿ ವಾಟ್ಸಾಪಿನಲ್ಲಿ ಬಿಲ್ಲಿನ ಫೋಟೋ, ನನ್ನ ಆಧಾರ್ ಫೋಟೋ, ಕ್ಯಾಮೆರಾದ ಇನ್ನೊಂದಿಷ್ಟು ಫೋಟೋ ಕಳಿಸಿ ಅಂತ ಕೇಳಿದ್ದಾರೆ. ಇನ್ನೂ ಕಳಿಸಿಲ್ಲ. ಕೇಳುವುದಕ್ಕೆ ಎಲ್ಲಾ ಸರಿಯಾಗೇ ಇದೆ, ಒಟಿಪಿ ಕೇಳಿಲ್ಲ, ಅಡ್ವಾನ್ಸ್ ಕೇಳಿಲ್ಲ, ಯಾವ ಲಿಂಕೂ ಕಳಿಸಿಲ್ಲ. ಆದರೂ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಇದರಲ್ಲಿ ಏನಾದರೂ ಮೋಸ ಇರಬಹುದಾ? ದುಡ್ಡು ನನ್ನ ಅಕೌಂಟಿಗೆ ಬಂದ ಮೇಲೆ ತಾನೇ ಕೊಡುವುದು, ನನಗೇನು ನಷ್ಟ ಆಗುತ್ತೆ? ತಿಳಿದವರು ಹೇಳಿ.

ಪಿಬಿ ರೋಡ್ ಸೆಕೆಂಡ್ಸ್

ಅಣ್ಣಾ, ಮನೆಯವರು ಹೇಳಿದ್ದೇ ಸರಿ. ಆಧಾರ್ ಕಳಿಸಬೇಡಿ, ಬಿಲ್ಲಿನ ಫೋಟೋನೂ ಕಳಿಸಬೇಡಿ.

ನಾನು ಹಳೆ ಬೈಕ್ ವ್ಯಾಪಾರ ಮಾಡುವವನು. "ಅವನ ಹತ್ರ ರೇಟ್ ಮಾತಾಡಬೇಡಿ" ಅನ್ನುವ ಮಾತು ಬಂತು ಅಂದರೆ ಅಲ್ಲಿಗೆ ವ್ಯವಹಾರ ನಿಲ್ಲಿಸಬೇಕು. ಈ ಆಟ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಫೋನ್ ಮಾಡಿದವನು ಕೊಳ್ಳುವವನೇ ಅಲ್ಲ. ನಿಮ್ಮ ಜಾಹೀರಾತಿನ ಫೋಟೋಗಳನ್ನೇ ಎತ್ತಿಕೊಂಡು ಬೇರೆ ಕಡೆ ತನ್ನ ಹೆಸರಿನಲ್ಲಿ ಕಡಿಮೆ ರೇಟಿಗೆ ಹಾಕಿರುತ್ತಾನೆ. ಅದನ್ನು ನೋಡಿ ನಿಜವಾಗಿ ಕ್ಯಾಮೆರಾ ಬೇಕಾದವರು ಒಬ್ಬರು ಅವನಿಗೆ ಫೋನ್ ಮಾಡುತ್ತಾರೆ. ಅವರಿಗೆ ಇವನು ಏನು ಹೇಳುತ್ತಾನೆ ಗೊತ್ತಾ? "ಕ್ಯಾಮೆರಾ ದಾವಣಗೆರೆಯಲ್ಲಿ ನಮ್ಮ ಭಾವನ ಮನೆಯಲ್ಲಿದೆ, ಹೋಗಿ ನೋಡಿ. ಅವರ ಹತ್ರ ದುಡ್ಡಿನ ಮಾತು ಬೇಡ, ನಮ್ಮಿಬ್ಬರಿಗೂ ಸ್ವಲ್ಪ ಸರಿ ಇಲ್ಲ. ಇಷ್ಟ ಆದ್ರೆ ನನ್ನ ಅಕೌಂಟಿಗೆ ಹಾಕಿ, ಅವರು ಕೊಟ್ಟು ಕಳಿಸ್ತಾರೆ." ಆ ಮನುಷ್ಯ ನಿಮ್ಮ ಮನೆಗೆ ಬರುತ್ತಾನೆ. ವಸ್ತು ಕಣ್ಣೆದುರಿಗೇ ಇದೆ, ಮನೆ ಇದೆ, ಮರ್ಯಾದಸ್ಥರ ಥರ ಇದ್ದಾರೆ ಅಂತ ಧೈರ್ಯ ಬರುತ್ತೆ, ಅಲ್ಲೇ ನಿಂತು ದುಡ್ಡು ಹಾಕಿಬಿಡುತ್ತಾನೆ. ಅದು ಹೋಗುವುದು ಆ ಮೂರನೆಯವನ ಅಕೌಂಟಿಗೆ. ನಿಮಗೆ ಒಂದು ಸುಳ್ಳು ಸ್ಕ್ರೀನ್‌ಶಾಟ್ ಬರುತ್ತೆ. ಆಮೇಲೆ ಆ ನಂಬರ್ ಸ್ವಿಚ್ ಆಫ್.

ನೀವು ಕ್ಯಾಮೆರಾ ಕೊಟ್ಟರೆ ನಿಮಗೆ ನಷ್ಟ, ಕೊಡದಿದ್ದರೆ ಎದುರಿಗೆ ನಿಂತವನಿಗೆ ನಷ್ಟ. ಅವನ ದೃಷ್ಟಿಯಲ್ಲಿ ಕಳ್ಳ ಯಾರು? ನೀವೇ. ದುಡ್ಡು ಹಾಕಿದ್ದು ನಿಮ್ಮ ಮನೆಯಲ್ಲಿ ಕೂತು, "ಹೌದು, ಅಣ್ಣನ ಹತ್ರ ಮಾತಾಗಿದೆ" ಅಂತ ನೀವೇ ಬಾಯಿಬಿಟ್ಟು ಹೇಳಿರುತ್ತೀರಿ. ನನಗೇನು ನಷ್ಟ ಅಂತ ಕೇಳಿದಿರಲ್ಲ, ಅದಕ್ಕೆ ಇದು ಉತ್ತರ.

ನಮ್ಮ ಅಂಗಡಿ ಎದುರಿಗೇ ಇಂಥದ್ದು ನಡೆದಿದೆ. ಬುಲೆಟ್ ಮಾರುವವರು ಇಲ್ಲೇ ನಿಟ್ಟುವಳ್ಳಿಯವರು, ಕೊಳ್ಳೋಕೆ ಬಂದ ಹುಡುಗ ಹೊಳಲ್ಕೆರೆ ಕಡೆಯವನು. ಹುಡುಗ ದುಡ್ಡು ಹಾಕಿ ಕೀ ಕೊಡಿ ಅನ್ನುತ್ತಾನೆ, ಇವರು ದುಡ್ಡೇ ಬಂದಿಲ್ಲ ಅನ್ನುತ್ತಾರೆ. ಜಗಳ ಕೈಗೆ ಹತ್ತುವ ಹಾಗಾಯಿತು. ನಾವು ನಡುವೆ ಹೋಗಿ ಇಬ್ಬರ ಮೊಬೈಲೂ ಪಕ್ಕಪಕ್ಕ ಹಿಡಿದು ನೋಡಿದರೆ ಇಬ್ಬರೂ ಫೋನ್ ಹಚ್ಚುತ್ತಿರುವುದು ಒಂದೇ ನಂಬರಿಗೆ. ಒಬ್ಬರ ಮೊಬೈಲಿನಲ್ಲಿ "ಬುಲೆಟ್ ಪಾರ್ಟಿ" ಅಂತ ಸೇವ್ ಆಗಿದೆ, ಇನ್ನೊಬ್ಬನ ಮೊಬೈಲಿನಲ್ಲಿ "ಬುಲೆಟ್ ಓನರ್" ಅಂತ. ಆ ಹುಡುಗನ ಮುಖ ಈಗಲೂ ಕಣ್ಣ ಮುಂದಿದೆ. ಮೆಕ್ಕೆಜೋಳ ಮಾರಿದ ದುಡ್ಡಂತೆ ಅದು.

ನೀವು ಮಾಡಬೇಕಾದ್ದು ಇಷ್ಟೇ. "ತಮ್ಮ" ಬಂದ ಕೂಡಲೇ ಅವನನ್ನೇ ನೇರ ಕೇಳಿ: ಇದನ್ನು ಎಷ್ಟಕ್ಕೆ ತಗೊಳ್ತಿದ್ದೀರಿ, ದುಡ್ಡು ಯಾರಿಗೆ ಹಾಕ್ತೀರಿ, ಫೋನ್ ಮಾಡಿದವರು ನಿಮಗೆ ಏನಾಗಬೇಕು?

ಕೌಂಟರ್ ನಂಬರ್ 3

ಮೇಲೆ ಹೇಳಿದವರು ಸರಿಯಾಗಿ ಹೇಳಿದ್ದಾರೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ದುಡ್ಡಿನ ಕಡೆಯದ್ದು ಸ್ವಲ್ಪ ಸೇರಿಸುತ್ತೇನೆ.

"ದುಡ್ಡು ಬಂದ ಮೇಲೆ ತಾನೇ ಕೊಡುವುದು" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬಂತು ಅಂತ ಯಾವುದನ್ನು ನೋಡಿ ಹೇಳುತ್ತೀರಿ ಅನ್ನುವುದು ಮುಖ್ಯ. ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಹಸಿರು ಟಿಕ್ಕು, ಟಿಂಗ್ ಅನ್ನುವ ಸದ್ದು, ನಿಮ್ಮ ಹೆಸರು, ಮೊತ್ತ ಎಲ್ಲವನ್ನೂ ಹಾಗೇ ತೋರಿಸುವ ನಕಲಿ ಆಪ್‌ಗಳೇ ಇವೆ. ಎಸ್‌ಎಂಎಸ್ ಕೂಡ ನಂಬುವ ಹಾಗಿಲ್ಲ. ಬ್ಯಾಂಕಿನ ಮೆಸೇಜು ಅಕ್ಷರಗಳ ಹೆಸರಿನಿಂದ ಬರುತ್ತೆ, 10 ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಅವಸರದಲ್ಲಿ ಯಾರೂ ಮೇಲೆ ಕಣ್ಣು ಹಾಯಿಸುವುದಿಲ್ಲ, "ಕ್ರೆಡಿಟೆಡ್" ಅನ್ನುವ ಪದ ನೋಡಿ ಸುಮ್ಮನಾಗುತ್ತಾರೆ. ನಿಮ್ಮದೇ ಬ್ಯಾಂಕ್ ಆಪ್ ತೆರೆದು, ಬ್ಯಾಲೆನ್ಸ್ ಮತ್ತು ಸ್ಟೇಟ್‌ಮೆಂಟ್ ಎರಡನ್ನೂ ನೋಡಿ. ಬಂದ ಮೊತ್ತದ ಎದುರಿಗೆ ಕಳಿಸಿದವರ ಹೆಸರು ಇರುತ್ತೆ. ಅದು ನಿಮ್ಮ ಎದುರು ನಿಂತವರ ಹೆಸರೇ ಆಗಿರಬೇಕು.

ಇನ್ನೊಂದು ಸಣ್ಣ ಸುಳಿವು. ಒಬ್ಬರಿಂದ ಒಬ್ಬರಿಗೆ ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದವರೆಗೆ ಮಾತ್ರ ಕಳಿಸಬಹುದು. ಹಾಗಿರುವಾಗ 1,40,000 ಒಂದೇ ಸಲಕ್ಕೆ ಯುಪಿಐನಲ್ಲಿ ಕಳಿಸಿದೆ ಅಂತ ಸ್ಕ್ರೀನ್‌ಶಾಟ್ ಬಂದರೆ ಅದನ್ನು ನಂಬಲೇಬೇಡಿ. ಇಷ್ಟು ದೊಡ್ಡ ಮೊತ್ತ ಅಕೌಂಟಿನಿಂದ ಅಕೌಂಟಿಗೆ ಕಳಿಸುವ ಬೇರೆ ದಾರಿಗಳಾದ ಐಎಂಪಿಎಸ್‌ನಲ್ಲೋ ನೆಫ್ಟ್‌ನಲ್ಲೋ ಬರಬೇಕು. ಐಎಂಪಿಎಸ್ ಆದರೆ ಕೂತಲ್ಲೇ ಬರುತ್ತೆ. ನೆಫ್ಟ್ ಅರ್ಧ ಗಂಟೆಗೊಂದು ಬ್ಯಾಚಿನಲ್ಲಿ ಹೋಗುತ್ತೆ, ಹಾಗಾಗಿ ಒಂದೆರಡು ಗಂಟೆ ತಡ ಆದರೆ ಆಶ್ಚರ್ಯ ಇಲ್ಲ. 2019ರ ಡಿಸೆಂಬರಿನಿಂದ ನೆಫ್ಟ್ ದಿನದ 24 ಗಂಟೆಯೂ, ಭಾನುವಾರವೂ ನಡೆಯುತ್ತೆ. "ಇವತ್ತು ರಜೆ, ನಾಳೆ ಬರುತ್ತೆ, ವಸ್ತು ಈಗ ಕೊಡಿ" ಅನ್ನುವುದಕ್ಕೆ ಜಾಗವೇ ಇಲ್ಲ. ತಡ ಆದರೆ ಕ್ಯಾಮೆರಾ ನಿಮ್ಮ ಬ್ಯಾಗಿನಲ್ಲೇ ಇರಲಿ, ಬಂದವರಿಗೆ ಕಾಫಿ ಕೊಟ್ಟು ಕೂರಿಸಿ.

ಪಿನ್ ವಿಷಯ ನಿಮಗೆ ಗೊತ್ತಿರಬಹುದು, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಬೇಡ. ಕ್ಯುಆರ್ ಸ್ಕ್ಯಾನ್ ಮಾಡುವುದೂ ಬೇಡ. "1 ರೂಪಾಯಿ ಹಾಕಿದೀನಿ, ಈಗ ಈ ಕೋಡ್ ಸ್ಕ್ಯಾನ್ ಮಾಡಿ, ಉಳಿದದ್ದು ಬರುತ್ತೆ" ಅಂದರೆ ಹೋಗುವುದು ನಿಮ್ಮ ದುಡ್ಡು. ಮೊದಲೆಲ್ಲಾ ಕಲೆಕ್ಟ್ ರಿಕ್ವೆಸ್ಟ್, ಅಂದರೆ ನಿಮ್ಮಿಂದಲೇ ದುಡ್ಡು ಕೇಳುವ ಕೋರಿಕೆ, ಕಳಿಸಿ ಮೋಸ ಮಾಡುತ್ತಿದ್ದರು. 2025ರ ಅಕ್ಟೋಬರ್ 1ರಿಂದ ಒಬ್ಬರಿಂದ ಒಬ್ಬರಿಗೆ ಅದನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಲ್ಲಿಸಿದೆ, ಆದರೆ ಕ್ಯುಆರ್ ಆಟ ಇನ್ನೂ ಇದೆ. ಹಾಗೇ "ಕೈತಪ್ಪಿ 10,000 ಜಾಸ್ತಿ ಹಾಕಿಬಿಟ್ಟೆ, ವಾಪಸ್ ಕಳಿಸಿ" ಅನ್ನುವುದು. ಬ್ಯಾಲೆನ್ಸ್ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಚೆಕ್ ಬೇಡವೇ ಬೇಡ. ಡಿಡಿ ಕೂಡ ನಕಲಿ ಇರುತ್ತವೆ, ಆ ಬ್ಯಾಂಕಿನ ಶಾಖೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳದೆ ತಗೋಬಾರದು.

ವಿದ್ಯಾನಗರ ಲಾಸ್ಟ್ ಸ್ಟಾಪ್

ಇಷ್ಟೆಲ್ಲಾ ತಲೆನೋವು ಯಾಕೆ? ಬೆಂಗಳೂರಿನಲ್ಲಿ ಹಳೆ ಕ್ಯಾಮೆರಾ ತಗೊಳ್ಳುವ ಅಂಗಡಿಗಳಿವೆ, ಬಸ್ ಹತ್ತಿ ಹೋಗಿ ಕೊಟ್ಟು ಬನ್ನಿ. 20 ಸಾವಿರ ಕಡಿಮೆ ಸಿಗಬಹುದು, ನೆಮ್ಮದಿ ಇರುತ್ತೆ. ಗುರುತು ಪರಿಚಯ ಇಲ್ಲದವರ ಹತ್ತಿರ ಲಕ್ಷದ ವ್ಯವಹಾರ ನನಗಂತೂ ಸರಿ ಕಾಣುವುದಿಲ್ಲ.

ಪಿಬಿ ರೋಡ್ ಸೆಕೆಂಡ್ಸ್

20 ಸಾವಿರ ಅಂದರೆ ಒಂದು ಮದುವೆ ಆರ್ಡರಿನಲ್ಲಿ ಕೈಗೆ ಉಳಿಯುವ ದುಡ್ಡು ರೀ. ಸುಮ್ನೆ ಯಾಕೆ ಬಿಡಬೇಕು? ಅಪರಿಚಿತರಿಗೆ ಮಾರುವುದೇ ತಪ್ಪು ಅಂದರೆ ನಮ್ಮಂಥವರ ಅಂಗಡಿ ನಡೆಯುವುದೇ ಇಲ್ಲ. ಎದುರಿಗೆ ಬಂದು, ವಸ್ತು ಮುಟ್ಟಿ ನೋಡಿ, ಹತ್ತು ಪ್ರಶ್ನೆ ಕೇಳಿ, ಬಾಯಿ ನೋಯುವಷ್ಟು ಚೌಕಾಸಿ ಮಾಡುವವನು ನಿಜವಾದ ಗಿರಾಕಿ. ಅವನಿಗೆ ಮಾರಿ. ಷಟರ್ ಕೌಂಟ್ ಕೂಡ ಕೇಳದೆ ಹೇಳಿದ ರೇಟಿಗೆ ಒಪ್ಪಿಕೊಂಡನಲ್ಲ, ಅವನಿಗೆ ಬೇಡ.

ಗಡಿಯಾರಕಂಬದ ಫೋಟೋಗ್ರಾಫರ್

ನೀವು ಹೇಳಿದ್ದು ಅಕ್ಷರಶಃ ನಿಜ ಆಯಿತು. ಭಾನುವಾರ ಬೆಳಿಗ್ಗೆ ಒಬ್ಬರು ಬಂದರು. ಹರಿಹರ ತಾಲೂಕಿನ ಮಲೇಬೆನ್ನೂರಿನಲ್ಲಿ ಸಣ್ಣ ಸ್ಟುಡಿಯೋ ಇದೆಯಂತೆ. ಲೆನ್ಸ್ ಮೌಂಟ್ ಮಾಡಿ, ಫೋಕಸ್ ನೋಡಿ, ಸೆನ್ಸರ್ ಮೇಲೆ ಟಾರ್ಚ್ ಬಿಟ್ಟು ನೋಡಿ, ಬಹಳ ಖುಷಿಯಲ್ಲಿದ್ದರು. ಜೇಬಿನಿಂದ ಮೊಬೈಲ್ ತೆಗೆದು "ನಿಮ್ಮ ಭಾವನವರಿಗೆ ಒಂದು ಮಾತು ಹೇಳಿಬಿಡ್ತೀನಿ, ಹಾಕಿಬಿಡ್ತೀನಿ" ಅಂದರು. ನಾನು ತಡೆದು ಕೇಳಿದೆ: ನಿಮ್ಮ ಅಣ್ಣ ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತಾರೆ? "ನನಗೆ ಅಣ್ಣ ಇಲ್ಲವಲ್ಲ ಸಾರ್" ಅಂದರು.

ಅವರಿಗೆ ಅದೇ ಫೋಟೋಗಳು, ನನ್ನ ಮನೆಯ ಮೇಜಿನ ಮೇಲೆ ತೆಗೆದ ಫೋಟೋಗಳೇ, 85,000ಕ್ಕೆ ಕಂಡಿವೆ. ಕ್ಯಾಮೆರಾ ದಾವಣಗೆರೆಯಲ್ಲಿ ಭಾವನ ಮನೆಯಲ್ಲಿದೆ ಅಂತ ಹೇಳಿ ಇಲ್ಲಿಗೆ ಕಳಿಸಿದ್ದಾನೆ. ಅವರು ಇನ್ನೇನು 85,000 ಹಾಕುವುದರಲ್ಲಿದ್ದರು. ಇಬ್ಬರೂ ಕೂತು ಚಹಾ ಕುಡಿಯುವ ತನಕ ಅವನು ಇಬ್ಬರಿಗೂ ಒಂದೇ ಸಮ ಫೋನ್ ಮಾಡುತ್ತಲೇ ಇದ್ದ. ನಾನು ಎತ್ತಿ, ಅವರನ್ನು ನನ್ನ ಪಕ್ಕ ಕೂರಿಸಿಕೊಂಡೇ ಮಾತಾಡುತ್ತಿದ್ದೀನಿ ಅಂದೆ. ಕಟ್ ಮಾಡಿದ. ಪುಣ್ಯಕ್ಕೆ ಇಬ್ಬರದೂ ಒಂದು ಪೈಸೆ ಹೋಗಲಿಲ್ಲ.

ಆ ನಂಬರಿನ ಮೇಲೆ ದೂರು ಎಲ್ಲಿ ಕೊಡಬೇಕು? ದುಡ್ಡು ಹೋಗಿಲ್ಲವಲ್ಲ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಬಹುದಾ? ಇನ್ನೊಂದು ವಿಷಯ. ಅವರಿಗೆ ಕ್ಯಾಮೆರಾ ನಿಜವಾಗಿಯೂ ಬೇಕು. 1,20,000ಕ್ಕೆ ಮಾತಾಗಿದೆ. ಆದರೆ 70,000 ತಮ್ಮ ಅಕೌಂಟಿನಿಂದ, ಉಳಿದ 50,000 ಹೆಂಡತಿಯ ಅಕೌಂಟಿನಿಂದ ಹಾಕುತ್ತೇನೆ ಅನ್ನುತ್ತಿದ್ದಾರೆ. ಒಳ್ಳೆಯವರ ಹಾಗೆ ಕಾಣುತ್ತಾರೆ, ಒಪ್ಪಿಕೊಳ್ಳಬಹುದಾ?

ದುರ್ಗದ ಅಕ್ಕ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಬೇರೆಯವರ ಅಕೌಂಟಿನಿಂದ ದುಡ್ಡು ಬರುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಲೇಬೇಕು, ಯಾಕೆಂದರೆ ದುಡ್ಡು ನಿಜವಾಗಿ ಬಂದರೂ ಕಷ್ಟ ಮುಗಿಯುವುದಿಲ್ಲ.

ನಮ್ಮ ಚಿಕ್ಕಪ್ಪನ ಮಗ ಎಂಜಿನಿಯರಿಂಗ್ ಓದುವ ಹುಡುಗ. ತನ್ನ ಗೇಮಿಂಗ್ ಲ್ಯಾಪ್‌ಟಾಪ್ ಮಾರಿದ. ಕೊಂಡವನು ಎದುರಿಗೇ ಬಂದಿದ್ದ, ದುಡ್ಡೂ ಅಕೌಂಟಿಗೆ ಸರಿಯಾಗಿ ಬಂತು, ಹುಡುಗ ಬ್ಯಾಂಕ್ ಆಪ್ ನೋಡಿಯೇ ಕೊಟ್ಟ. ಕಳಿಸಿದ ಹೆಸರು ಬೇರೆ ಇತ್ತು, "ಫ್ರೆಂಡ್ ಹಾಕಿದ್ದಾನೆ" ಅಂದನಂತೆ. ಸ್ವಲ್ಪ ದಿನ ಬಿಟ್ಟು ಎಟಿಎಂಗೆ ಹೋದರೆ ದುಡ್ಡು ಬರುತ್ತಿಲ್ಲ. ಶಾಖೆಯಲ್ಲಿ ಕೇಳಿದರೆ ಅಕೌಂಟಿಗೆ ತಡೆ ಬಿದ್ದಿದೆ ಅಂದರು. ಬೇರೆ ಯಾವುದೋ ರಾಜ್ಯದಲ್ಲಿ ಯಾರನ್ನೋ ಮೋಸ ಮಾಡಿ ಎತ್ತಿದ ದುಡ್ಡು ಅದು. ಮೋಸ ಹೋದವರು 1930ಕ್ಕೆ ಫೋನ್ ಮಾಡಿದ್ದಾರೆ. ದುಡ್ಡು ಯಾವ ಯಾವ ಅಕೌಂಟಿಗೆ ಹೋಗಿದೆಯೋ ಅದನ್ನೆಲ್ಲಾ ಹಿಂಬಾಲಿಸಿ ತಡೆ ಹಾಕುತ್ತಾರೆ. ಲ್ಯಾಪ್‌ಟಾಪ್ ಹೋಯಿತು, ದುಡ್ಡೂ ಸಿಕ್ಕಿಬಿತ್ತು, ಕಾಲೇಜು ಫೀಸು ಕಟ್ಟಲು ಬೇರೆಯವರ ಹತ್ತಿರ ಕೇಳಬೇಕಾಯಿತು. ಮೊದಲು ಶಾಖೆಯಲ್ಲಿ ಸರಿಯಾಗಿ ಉತ್ತರ ಕೂಡ ಕೊಡಲಿಲ್ಲ. "ಸೈಬರ್‌ನವರನ್ನು ಕೇಳಿ" ಅಂತ ಒಂದೇ ಮಾತು.

ನಿಮಗೂ ಹಾಗೇನಾದರೂ ಆದರೆ ಶಾಖೆಯಿಂದ ದೂರಿನ ನಂಬರ್, ಯಾವ ಊರಿನ ಪೊಲೀಸರು ತಡೆ ಹಾಕಿಸಿದ್ದಾರೆ, ಎಷ್ಟು ಮೊತ್ತಕ್ಕೆ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಆ ಠಾಣೆಗೆ ನೀವು ಮಾರಿದ ವಸ್ತುವಿನ ಬಿಲ್, ಚಾಟ್, ಕೊಂಡವರ ಗುರುತಿನ ಚೀಟಿ ಎಲ್ಲಾ ಸೇರಿಸಿ ಅರ್ಜಿ ಕಳಿಸಬೇಕು. ನಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಯಲ್ಲಿ ಅರ್ಜಿ ಹೇಗೆ ಬರೆಯಬೇಕು ಅಂತ ಸಮಾಧಾನದಿಂದ ಹೇಳಿಕೊಟ್ಟರು. ಇಡೀ ಅಕೌಂಟ್ ಬದಲು ಆ ಮೊತ್ತಕ್ಕೆ ಮಾತ್ರ ತಡೆ ಇರಲಿ ಅಂತಲೂ ಕೇಳಬಹುದು. ನಮ್ಮ ಹುಡುಗನ ಹತ್ತಿರ ಚಾಟ್ ಉಳಿದಿತ್ತು, ಅದೇ ಕೊನೆಗೆ ಕೆಲಸಕ್ಕೆ ಬಂದದ್ದು. ದಯವಿಟ್ಟು ಯಾರೂ ಚಾಟ್ ಅಳಿಸಬೇಡಿ, ವಸ್ತು ಮಾರಿ ಆದ ಮೇಲೂ ಇಟ್ಟುಕೊಳ್ಳಿ.

ನಿಮ್ಮ ಮಲೇಬೆನ್ನೂರಿನವರು ಒಳ್ಳೆಯವರೇ ಇರಬಹುದು. ಆದರೂ ಹೆಸರು ಒಂದೇ ಇರಲಿ.

ಕೌಂಟರ್ ನಂಬರ್ 3

ಅಕ್ಕ ಹೇಳಿದ ಥರದ ಅರ್ಜಿ ಹಿಡಿದುಕೊಂಡು ಬರುವವರನ್ನು ನಾನೂ ನೋಡುತ್ತೇನೆ. ಬಹಳಷ್ಟು ಜನ ಏನೂ ತಪ್ಪು ಮಾಡದ ಅಂಗಡಿಯವರು, ವಿದ್ಯಾರ್ಥಿಗಳು. ನೋಡಿದರೆ ಹೊಟ್ಟೆ ಉರಿಯುತ್ತೆ.

ಹೆಂಡತಿಯ ದುಡ್ಡಿನ ವಿಷಯ ಸುಲಭ. ಅವರು 50,000 ಮೊದಲು ಗಂಡನ ಅಕೌಂಟಿಗೆ ಹಾಕಲಿ. ಗಂಡ ತನ್ನ ಅಕೌಂಟಿನಿಂದ ನಿಮಗೆ 1,20,000 ಒಂದೇ ಸಲ ಐಎಂಪಿಎಸ್ ಮಾಡಲಿ. ನಿಮ್ಮ ಹೆಸರನ್ನು ಅವರ ನೆಟ್ ಬ್ಯಾಂಕಿಂಗಿನಲ್ಲಿ ಹೊಸದಾಗಿ ಸೇರಿಸಿದರೆ ಮೊದಲ ದಿನ ಕಳಿಸುವುದಕ್ಕೆ ಮಿತಿ ಇರಬಹುದು, ಹಾಗಾಗಿ ಹಿಂದಿನ ದಿನವೇ ಸೇರಿಸಿ 1 ರೂಪಾಯಿ ಹಾಕಿ ನೋಡಲಿ. ಕಳಿಸುವ ಮುಂಚೆ ಅವರಿಗೆ ನಿಮ್ಮ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತೆ, ಬಿಲ್ಲಿನಲ್ಲಿರುವ ಹೆಸರಿಗೆ ಅದನ್ನು ಹೋಲಿಸಿ ನೋಡಲು ಹೇಳಿ. ಅವರಿಗೂ ಧೈರ್ಯ ಬೇಕಲ್ವಾ? ಈಗ ತಾನೇ ಮೋಸದಿಂದ ತಪ್ಪಿಸಿಕೊಂಡಿದ್ದಾರೆ.

ಮೊಬೈಲಿನಲ್ಲಿ ಆಗುವುದಿಲ್ಲ ಅಂದರೆ ವಾರದ ದಿನ ಬೆಳಿಗ್ಗೆ ಇಬ್ಬರೂ ಅವರ ಬ್ಯಾಂಕಿನ ಶಾಖೆಗೇ ಹೋಗಿ. ಹರಿಹರ ಇಲ್ಲಿಂದ ಎಷ್ಟು ದೂರ. ಅಲ್ಲೇ ಚಲನ್ ಬರೆದು ನೆಫ್ಟ್ ಮಾಡಿಸಲಿ, ನಿಮ್ಮ ಅಕೌಂಟಿಗೆ ಬಂದದ್ದನ್ನು ನೋಡಿ ಬ್ಯಾಗ್ ಕೊಡಿ. ನಗದು ಕೊಡುತ್ತೇನೆ ಅಂದರೂ ತಪ್ಪಿಲ್ಲ, ಬ್ಯಾಂಕಿನಲ್ಲೇ ಎಣಿಸಿ ನಿಮ್ಮ ಅಕೌಂಟಿಗೆ ಕಟ್ಟಿಬಿಡಿ, ಖೋಟಾ ನೋಟಿನ ಭಯವೂ ಇರುವುದಿಲ್ಲ. ಆದರೆ ಇದಕ್ಕಿಂತ ದೊಡ್ಡ ವ್ಯವಹಾರ ಮಾಡುವವರು ನೆನಪಿಡಿ: ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ. 2017ರಿಂದ ಈ ನಿಯಮ ಇದೆ, ದಂಡ ಬೀಳುವುದು ತಗೊಂಡವರಿಗೆ, ಅದೂ ತಗೊಂಡಷ್ಟೇ ಮೊತ್ತ.

ದೂರಿನ ವಿಷಯ. 1930 ಮುಖ್ಯವಾಗಿ ದುಡ್ಡು ಹೋದವರಿಗೆ. ಹೋದ ತಕ್ಷಣ ಫೋನ್ ಮಾಡಿದರೆ ದುಡ್ಡು ಮುಂದಿನ ಅಕೌಂಟಿಗೆ ಜಾರುವ ಮೊದಲು ತಡೆಯುವ ಅವಕಾಶ ಇರುತ್ತೆ, ಗಂಟೆಗಟ್ಟಲೆ ಯೋಚನೆ ಮಾಡುತ್ತಾ ಕೂರಬಾರದು. ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್ ಕೈಯಲ್ಲಿರಲಿ. ನಿಮ್ಮ ಹಾಗೆ ದುಡ್ಡು ಹೋಗದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಚಕ್ಷು ಅಂತ ಒಂದು ಭಾಗ ಇದೆ, ಅಲ್ಲಿ ಮೋಸದ ಕರೆ ಮಾಡಿದ ನಂಬರ್ ಕೊಡಬಹುದು. ಆ 85,000ದ ಜಾಹೀರಾತನ್ನೂ ರಿಪೋರ್ಟ್ ಮಾಡಿ. ಅದು ಅಲ್ಲೇ ಇದ್ದರೆ ಮುಂದಿನ ವಾರ ಇನ್ನೊಬ್ಬರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ಪಿಬಿ ರೋಡ್ ಸೆಕೆಂಡ್ಸ್

ಒಳ್ಳೆಯದಾಯಿತು ಅಣ್ಣಾ, ಓದಿ ಖುಷಿ ಆಯಿತು. ಒಂದು ಹಾಳೆಯಲ್ಲಿ ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರ್, ಮೊತ್ತ, ತಾರೀಖು ಬರೆದು ಇಬ್ಬರೂ ಸಹಿ ಹಾಕಿ, ಇಬ್ಬರ ಹತ್ತಿರವೂ ಒಂದೊಂದು ಪ್ರತಿ ಇರಲಿ. ಅವರ ಗುರುತಿನ ಚೀಟಿಯನ್ನು ಕಣ್ಣಾರೆ ನೋಡಿ. ನಿಮ್ಮ ಆಧಾರ್ ಕೊಡುವುದಾದರೆ ಮೊದಲ 8 ಅಂಕಿ ಮುಚ್ಚಿರುವ ಪ್ರತಿ ಕೊಡಿ, ಅದರ ಮೇಲೆ "ಕ್ಯಾಮೆರಾ ಮಾರಾಟಕ್ಕೆ ಮಾತ್ರ" ಅಂತ ಬರೆದುಬಿಡಿ. ಇಲ್ಲದಿದ್ದರೆ ಅದೇ ಫೋಟೋ ತೋರಿಸಿ ನಿಮ್ಮ ಹೆಸರಿನಲ್ಲಿ ಇನ್ನೊಬ್ಬರನ್ನು ನಂಬಿಸುತ್ತಾರೆ.

ಬೈಕ್, ಕಾರು ಮಾರುವವರು ಇದನ್ನು ಓದುತ್ತಿದ್ದರೆ, ನಿಮಗೆ ಹಾಳೆಯ ಮೇಲಿನ ಸಹಿ ಸಾಲುವುದಿಲ್ಲ. ಮಾಲೀಕತ್ವ ಬದಲಾಯಿಸುವ ಫಾರಂ 29, ಫಾರಂ 30 ತುಂಬಿಸಿ, ಮಾರಿದ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು ಮರೆತುಬಿಟ್ಟರೆ ಗಾಡಿ ನಿಮ್ಮ ಹೆಸರಿನಲ್ಲೇ ಓಡುತ್ತಿರುತ್ತೆ, ದಂಡದ ಚಲನ್ನೂ ನಿಮ್ಮ ಮೊಬೈಲಿಗೇ ಬರುತ್ತೆ.